ಎರಡು ಮೀಟರ್ ದೂರ

ಮಣ್ಣನ್ನು ಎಸೆಯುವುದೂ ಒಂದು ವಿದ್ಯೆ ಎಂದರೆ ಜನ ನಗುತ್ತಾರೆ. ಬಕೆಟ್ ಸಾಹೇಬ ಮೂವತ್ತು ವರ್ಷದಿಂದ ಆ ವಿದ್ಯೆಯಲ್ಲೇ ಅನ್ನ ಕಂಡವನು. ಒಂದು ಜಮೀನಿನಲ್ಲಿ ಹದಿನೈದು ಕಡೆ ಬೈರಿಗೆ ಇಳಿಸಿ, ಗೇಣುದ್ದದ ಮಣ್ಣು ತೆಗೆದು, ಎಲ್ಲವನ್ನೂ ಬಕೆಟ್ಟಿಗೆ ಸುರಿದು ಕಲಸಬೇಕು. ಕಲಸಿದ್ದನ್ನು ಗೋಣಿಯ ಮೇಲೆ ದುಂಡಗೆ ಹರಡಿ, ಬೆರಳಿನಿಂದ ನಾಲ್ಕು ಪಾಲು ಗೀರಿ, ಎದುರುಬದುರಿನ ಎರಡು ಪಾಲನ್ನು ಎಸೆಯಬೇಕು. ಉಳಿದದ್ದನ್ನು ಮತ್ತೆ ಕಲಸಿ, ಮತ್ತೆ ನಾಲ್ಕು ಮಾಡಿ, ಮತ್ತೆ ಅರ್ಧ ಎಸೆಯಬೇಕು. ಹೀಗೆ ಎಸೆದೆಸೆದು ಕೊನೆಗೆ ಅರ್ಧ ಕಿಲೋ ಉಳಿದಾಗ, ಇದೇ ಆ ಜಮೀನು ಎಂದು ಚೀಟಿ ಬರೆದು ಚೀಲಕ್ಕೆ ತುಂಬಬೇಕು. ತನ್ನ ಬದುಕೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಅರ್ಧ ಕಿಲೋಗೆ ಬಂದು ನಿಂತಿದೆ ಎಂದು ಅವನಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದಾಗಲೆಲ್ಲ ಅವನು ಬಕೆಟ್ ತೊಳೆಯಲು ಎದ್ದುಬಿಡುತ್ತಿದ್ದ.

ಮಣ್ಣು ಪರೀಕ್ಷೆಯ ಅವನ ಕಚೇರಿಯಲ್ಲಿ ಬಕೆಟ್ ಹಿಡಿದವರೆಲ್ಲ ಒಬ್ಬೊಬ್ಬರಾಗಿ ಮೇಲಿನ ಹುದ್ದೆಗೆ ಹೋದರು. ನಿಜವಾದ ಬಕೆಟ್ ಹಿಡಿದವನು ಎಲ್ಲಿದ್ದನೋ ಅಲ್ಲೇ ಉಳಿದ. ಈ ಮಾತನ್ನು ಹುಟ್ಟಿಸಿದವನು ಒಬ್ಬ ಗುಮಾಸ್ತ. ‘ಸಾಹೇಬ’ ಎಂಬ ಬಾಲ ಅಂಟಿಸಿದವನೂ ಅವನೇ. ಆ ಗುಮಾಸ್ತ ಬಡ್ತಿ ಪಡೆದು ಬೇರೆ ಊರಿಗೆ ಹೋಗಿ ಎಷ್ಟೋ ಕಾಲವಾಯಿತು. ಹೆಸರು ಮಾತ್ರ ಹೋಗಲಿಲ್ಲ. ಈಗ ಅಂಚೆಯವನೂ ಹಾಗೆಯೇ ಕರೆಯುತ್ತಾನೆ.

ಗಡಿಯಾರ ರಿಪೇರಿ ಅಂಗಡಿಯ ಮೇಲೆ ಅವನದೊಂದು ಕೋಣೆ. ಮಂಚ, ಮೇಜು, ಒಂದು ಒಲೆ, ಎರಡು ತಟ್ಟೆ. ಎರಡನೆಯದು ಮೊದಲನೆಯದನ್ನು ಮುಚ್ಚಲು. ಭಾನುವಾರ ಹನ್ನೊಂದಕ್ಕೆ ದೂರದ ಊರಿನಿಂದ ಅಕ್ಕನ ಫೋನು.

“ಏನು ತಿಂದೆ?”

“ಮೊಟ್ಟೆ.”

“ನಿನ್ನೆ?”

“ಮೊಟ್ಟೆ.”

“ಕೋಳೀನೇ ಮದುವೆಯಾಗಿಬಿಡೋ ಮಾರಾಯ. ಅಂಗಡಿಗೆ ಹೋಗೋದಾದ್ರೂ ತಪ್ಪುತ್ತೆ.”

ಅಕ್ಕ ಈ ತಮಾಷೆಯನ್ನು ಅವನ ಮೂವತ್ತನೆಯ ವಯಸ್ಸಿನಲ್ಲಿ ಶುರು ಮಾಡಿದವಳು. ಈಗ ಅವನಿಗೆ ಐವತ್ತೇಳು. ತಮಾಷೆಯಲ್ಲಿ ನಗು ಇಂಗಿಹೋಗಿದ್ದರೂ ಇಬ್ಬರೂ ಅದನ್ನು ಬಿಟ್ಟಿರಲಿಲ್ಲ. ಅದನ್ನೂ ಬಿಟ್ಟರೆ ಫೋನಿನಲ್ಲಿ ಮಾತಾಡಲು ಹವಾಮಾನವೊಂದೇ ಉಳಿಯುತ್ತಿತ್ತು.

ಹನ್ನೊಂದು ವರ್ಷದ ಹಿಂದೆ ಕಚೇರಿ ಒಂದು ದೊಡ್ಡ ಅಧ್ಯಯನಕ್ಕೆ ಕೈಹಾಕಿತು. ಮರ, ಬಳ್ಳಿ, ಕಾಯಿಪಲ್ಲೆ ಎಲ್ಲ ಒತ್ತೊತ್ತಾಗಿ ಬೆಳೆಯುವ ಇಪ್ಪತ್ತನಾಲ್ಕು ತುಂಡು ಜಮೀನುಗಳು. ಗಿಡಗಳ ಬಗೆ ಹೆಚ್ಚಿದಷ್ಟೂ ಮಣ್ಣಿನ ಸಾರ ಹೆಚ್ಚುತ್ತದೆಯೇ, ಇಲ್ಲವೇ ಎಂಬುದು ಪ್ರಶ್ನೆ. ವರ್ಷಕ್ಕೆರಡು ಸಲ ಹೋಗಿ ಗಿಡ ಎಣಿಸಿ, ಮಣ್ಣು ತರುವ ಕೆಲಸ ಬಕೆಟ್ ಸಾಹೇಬನ ಪಾಲಿಗೆ ಬಂತು. ಅವನು ಕೈಪಿಡಿಯನ್ನು ಬಾಯಿಪಾಠ ಮಾಡಿಕೊಂಡ. ಅದರಲ್ಲಿ ಏಳನೆಯ ನಿಯಮ ಅವನಿಗೆ ಅಚ್ಚುಮೆಚ್ಚು: ಮರದ ಬುಡ, ಬದು, ಗೊಬ್ಬರದ ಗುಂಡಿ, ಇವುಗಳಿಂದ ಕನಿಷ್ಠ ಎರಡು ಮೀಟರ್ ದೂರದಲ್ಲಿ ಮಾದರಿ ತೆಗೆಯತಕ್ಕದ್ದು. ಬೇರೆಯವರು ಕಣ್ಣಂದಾಜಿನಲ್ಲಿ ತೇಲಿಸಿಬಿಡುತ್ತಿದ್ದರು. ಅವನು ಎರಡು ಮೀಟರಿನ ಬಿದಿರುಕೋಲನ್ನೇ ಕಡಿಸಿಕೊಂಡು ಬಸ್ಸಿನಲ್ಲಿ ಹೊತ್ತು ತಿರುಗಿದ. ಎಷ್ಟು ಜನರ ಟೋಪಿ ಬೀಳಿಸಿದನೋ ಲೆಕ್ಕವಿಲ್ಲ.

ಇಪ್ಪತ್ತನಾಲ್ಕರಲ್ಲಿ ಹದಿನೇಳನೆಯ ಜಮೀನು ಟೈಲರಮ್ಮನದು. ರಸ್ತೆಗೆ ಮುಖ ಮಾಡಿದ ಎರಡು ಕೋಣೆ, ಮುಂದಿನದರಲ್ಲಿ ಹೊಲಿಗೆ ಯಂತ್ರ, ಹಿಂಬಾಗಿಲು ತೆರೆದರೆ ಅರ್ಧ ಎಕರೆ. ಆ ಅರ್ಧ ಎಕರೆಯಲ್ಲಿ ನಲವತ್ತಮೂರು ಬಗೆಯ ಗಿಡಮರ ಎಂದು ಅವನ ಪಟ್ಟಿ ಹೇಳುತ್ತಿತ್ತು. ಹಲಸಿನ ಮೈಗೆ ಮೆಣಸಿನ ಬಳ್ಳಿ, ಅದರ ನೆರಳಿಗೆ ಅರಿಶಿಣ, ಅರಿಶಿಣದ ಪಕ್ಕಕ್ಕೆ ಬಾಳೆ, ಬಾಳೆಯ ಸಂದಿಯಲ್ಲಿ ಯಾರೂ ಕರೆಯದೆ ಬಂದು ಕೂತ ಪಪ್ಪಾಯ. ಅವರ ಮಾತುಕತೆ ಇಷ್ಟೇ ಇರುತ್ತಿತ್ತು:

“ಈ ವರ್ಷ ಗೊಬ್ಬರ ಹಾಕಿದ್ರಾ?”

“ಮರಗಳೇ ಎಲೆ ಹಾಕ್ತವೆ, ಮಧ್ಯೆ ನಾನ್ಯಾಕೆ ಕೈ ಹಾಕ್ಲಿ?”

ಅವನು ‘ಇಲ್ಲ’ ಎಂದು ಬರೆದುಕೊಳ್ಳುತ್ತಿದ್ದ.

ಆರನೆಯ ವರ್ಷ ಒಂದು ಘಟನೆ ನಡೆಯಿತು. ಘಟನೆ ಎಂದು ಅವನೊಬ್ಬನೇ ಕರೆಯುತ್ತಿದ್ದ. ಅಂಗಿಯ ಎರಡನೆಯ ಗುಂಡಿ ದಾರದಲ್ಲಿ ನೇತಾಡುತ್ತಿದ್ದುದನ್ನು ಕಂಡ ಟೈಲರಮ್ಮ, ಮಾತಿಲ್ಲದೆ ಸೂಜಿ ತಂದು, ನಿಂತಲ್ಲೇ ಹೊಲಿಯತೊಡಗಿದಳು. ಅವನು ಉಸಿರು ಬಿಗಿಹಿಡಿದು ನಿಂತ.

“ಉಸಿರಾಡಿ ಸಾಹೇಬ್ರೆ. ಇದು ಸೂಜಿ, ನಿಮ್ಮ ಬೈರಿಗೆ ಅಲ್ಲ.”

ದಾರವನ್ನು ಹಲ್ಲಿನಿಂದ ಕಡಿದು ಅವಳು ಯಂತ್ರದ ಕಡೆ ಹೋದಳು. ಅವನು ಬಸ್ಸಿನ ಕಡೆ ಹೋದ. ಅಂದಿನಿಂದ ಆ ಅಂಗಿಯನ್ನು ಅವನು ವರ್ಷಕ್ಕೆ ಎರಡೇ ದಿನ ತೊಡುತ್ತಿದ್ದ, ಹಿಂದಿನ ದಿನ ಇಸ್ತ್ರಿ ಮಾಡಿ. ಇದನ್ನು ಅಕ್ಕನಿಗೂ ಹೇಳಿರಲಿಲ್ಲ. ಹೇಳಿದ್ದರೆ ಕೋಳಿಗೆ ಬದಲಿ ಸಿಗುತ್ತಿತ್ತು.

ಈ ಸೋಮವಾರದ ಭೇಟಿ ಇಪ್ಪತ್ತಮೂರನೆಯದು, ಕೊನೆಯದೂ ಹೌದು. ಅಧ್ಯಯನ ಮುಗಿದಿತ್ತು, ವರದಿ ಅಚ್ಚಿಗೆ ಹೋಗಿತ್ತು. ಅದರ ತಿರುಳನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲ ಜಮೀನಿನವರಿಗೂ ಅಂಚೆಯಲ್ಲಿ ಕಳಿಸಿದ್ದರು. ಗಿಡಗಳ ಬಗೆ ಹೆಚ್ಚಿದ್ದ ಜಮೀನುಗಳಲ್ಲೇ ಮಣ್ಣು ಹೆಚ್ಚು ಬಡವಾಗಿದೆ; ಮರಗಳನ್ನು ತೆಗೆದು ಎರಡು ಮೂರು ಬಗೆಯನ್ನಷ್ಟೇ ಉಳಿಸಿಕೊಳ್ಳುವುದು ಒಳಿತು. ಇನ್ನು ಸಾಹೇಬ ಮಾಡಬೇಕಾದ್ದು ಕೊನೆಯ ಎಣಿಕೆ ಮತ್ತು ಒಂದು ಸಹಿ. ಬಕೆಟ್, ಬೈರಿಗೆ ಎರಡೂ ಬೇಕಾಗಿರಲಿಲ್ಲ. ಬರಿಗೈಯಲ್ಲಿ ಬಸ್ಸು ಹತ್ತಲು ಮನಸ್ಸು ಬಾರದೆ ತಂದಿದ್ದ.

ಹಿಂಬಾಗಿಲು ದಾಟಿದವನು ಮೊದಲು ಕಂಡದ್ದು ಕೆಂಪು ಬಟ್ಟೆಯ ಪಟ್ಟಿ. ಹಲಸಿಗೊಂದು, ನಿಂಬೆಗೊಂದು, ಮೂಲೆಯಲ್ಲಿದ್ದ ಇನ್ನೊಂದು ಮರಕ್ಕೊಂದು. ಆ ಮೂರನೆಯ ಮರ ಅವನ ಪಟ್ಟಿಯಲ್ಲಿ ‘ಗುರುತಿಸಲಾಗದ್ದು’ ಎಂದು ಹನ್ನೊಂದು ವರ್ಷದಿಂದ ಕೂತಿತ್ತು.

“ಇದೇನು ಟೈಲರಮ್ಮ, ಮರಕ್ಕೆ ಅಂಗಿ ಹೊಲಿದಿದ್ದೀರಾ?”

“ಮೂರು ಉಳಿಸ್ಕೊಳ್ಳಿ ಅಂತ ನಿಮ್ಮ ಕಾಗದ ಬಂತಲ್ಲ. ಒಂಬತ್ತು ದಿನ ಯೋಚನೆ ಮಾಡಿ ಮೂರು ಆರಿಸ್ದೆ. ಉಳಿದದ್ದಕ್ಕೆ ಗರಗಸದವನು ಗುರುವಾರ ಬೆಳಿಗ್ಗೆ ಬರ್ತಾನೆ.”

“ಹಲಸು, ನಿಂಬೆ ಸರಿ. ಅದ್ಯಾಕೆ? ಹೂವಿಲ್ಲ, ಕಾಯಿಲ್ಲ, ಹೆಸರೂ ಇಲ್ಲ.”

“ಅದಕ್ಕೇ. ಹೆಸರಿರೋದನ್ನ ಕಡಿದ್ರೆ ಇಂಥದ್ದನ್ನ ಕಡಿದೆ ಅಂತ ಹೇಳ್ಕೋಬಹುದು. ಇದನ್ನ ಕಡಿದ್ರೆ ಏನಂತ ಹೇಳ್ಕೊಳ್ಳೋದು?”

“ನಿಜವಾಗಲೂ ಕಡಿಸ್ತೀರಾ?” ಎಂದ.

“ಮತ್ತೆ? ಹನ್ನೊಂದು ವರ್ಷ ಬಿಸಿಲಲ್ಲಿ ಬಂದು ಕೋಲಲ್ಲಿ ಅಳೆದು ಅಳೆದು ತಗೊಂಡು ಹೋಗಿದ್ದೀರಿ. ನನ್ನ ಭಾವನ ಮಾತಾಗಿದ್ರೆ ಈ ಕಿವೀಲಿ ಕೇಳಿ ಆ ಕಿವೀಲಿ ಬಿಡ್ತಿದ್ದೆ. ಇದು ನೀವು ಹೇಳಿದ್ದು.”

ಸಾಹೇಬನ ಮಾತನ್ನು ಯಾರಾದರೂ ನಂಬಿ ಏನಾದರೂ ಮಾಡಿದ್ದು ಇದೇ ಮೊದಲು. ಅವನಿಗೆ ಒಳಗೊಳಗೇ ಹಿಗ್ಗಾಯಿತು. ಆ ಹಿಗ್ಗಿನ ಬಗ್ಗೆ ಆಮೇಲೆ ಅವನು ಬಹಳ ನಾಚಿದ. ಎಣಿಕೆ ಮುಗಿಸಿ, ಅಭ್ಯಾಸದ ಮೇಲೆ ಎಂದಿನ ಬಯಲಿಗೆ ಹೋಗಿ ನಿಂತ. ಆ ಅರ್ಧ ಎಕರೆಯಲ್ಲಿ ಯಾವ ಮರದಿಂದಲೂ ಎರಡು ಮೀಟರ್ ದೂರವಿದ್ದ ಜಾಗ ಅದೊಂದೇ, ಎರಡು ಕೋಣೆಯಷ್ಟು ಅಗಲದ್ದು. ಹದಿನೈದಕ್ಕೆ ಹದಿನೈದು ಗುಳಿಯನ್ನೂ ಅವನು ಪ್ರತಿಸಲ ಅಲ್ಲೇ, ಗಟ್ಟಿ ನೆಲವೆಂದುಕೊಂಡು ಬೈರಿಗೆಗೆ ಮೈಭಾರವೆಲ್ಲ ಕೊಟ್ಟು, ತೋಡುತ್ತಿದ್ದ.

“ನಾನೊಂದು ಕೇಳ್ಬೇಕು ಅಂತಿದ್ದೆ,” ಎಂದಳು ಟೈಲರಮ್ಮ. “ಅಷ್ಟು ಜಾಗ ಬಿಟ್ಟು ನೀವು ಯಾವಾಗಲೂ ನಮ್ಮ ಹಳೇ ಮನೇಲೇ ಯಾಕೆ ಅಗೀತೀರಿ?”

“ಯಾವ ಮನೆ?”

“ನೀವು ನಿಂತಿರೋದೇ. ಇಲ್ಲಿ ಮನೆ ಇತ್ತಲ್ಲ. ಆರು ಜನ ಇದ್ವಿ. ಗೋಡೆ ಬಿದ್ದ ಮೇಲೆ ಕಲ್ಲು, ಹಂಚು ಎಲ್ಲ ಸಾಗಿಸಿದ್ವಿ, ನೆಲ ಎತ್ತೋಕೆ ಆಗ್ಲಿಲ್ಲ. ನಮ್ಮ ಮಾವ ಸುಣ್ಣ ಹಾಕಿ ದಮ್ಮಸು ಮಾಡಿಸಿದ್ದು, ಕಲ್ಲಿದ್ದ ಹಾಗೆ. ಮೇಲೆ ಒಂದಿಷ್ಟು ದೂಳು ಕೂತಿದೆ, ಅಷ್ಟೇ. ಏನು ನೆಟ್ಟರೂ ಬರೋದಿಲ್ಲ.”

ಸಾಹೇಬ ತನ್ನ ಕಾಲ ಕೆಳಗೆ ನೋಡಿದ. ಈ ಜಮೀನಿನ ಮಣ್ಣಿನಲ್ಲಿ ಸುಣ್ಣ ವಿಪರೀತ ಎಂದು ವರದಿಯಲ್ಲಿ ಮುಕ್ಕಾಲು ಪುಟದ ವಿವರಣೆಯೇ ಇತ್ತು. ಯಾವುದೋ ಯುಗದಲ್ಲಿ ಇಲ್ಲಿ ಸಮುದ್ರ ಇದ್ದಿರಬಹುದು ಎಂಬವರೆಗೆ ಅದು ಹೋಗಿತ್ತು. ಸಮುದ್ರವಲ್ಲ, ಟೈಲರಮ್ಮನ ಮಾವ.

ಮರದ ಬುಡ ಬಿಟ್ಟು ತೆಗೆಯಿರಿ ಎಂಬ ನಿಯಮವನ್ನು ಬರೆದವರು ಬಯಲು ಹೊಲ ನೋಡಿ ಬರೆದವರು. ಅಲ್ಲಿ ಒಂದೋ ಎರಡೋ ಮರ. ಅದನ್ನು ಬಿಟ್ಟರೆ ಹೊಲವೇ ಹೊಲ. ಮರವೇ ಜಮೀನಾದ ಕಡೆ ಮರ ಬಿಟ್ಟರೆ ಏನು ಉಳಿಯುತ್ತದೆ? ಅವನ ಕಣ್ಣ ಮುಂದೆ ಉಳಿದ ಜಮೀನುಗಳೂ ಒಂದೊಂದಾಗಿ ಬಂದವು. ಒಂಬತ್ತನೆಯದರಲ್ಲಿ ಬಂಡಿ ತಿರುಗಿಸುವ ಜಾಗ. ಹನ್ನೆರಡರಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ಮರ ದಟ್ಟವಾದಷ್ಟೂ ಅವನ ಕೋಲು ಅವನನ್ನು ಹೆಚ್ಚು ಹೆಚ್ಚು ಕೆಟ್ಟ ಜಾಗಕ್ಕೆ ತಳ್ಳಿತ್ತು. ಸೋಮಾರಿಯಾಗಿದ್ದರೆ, ಕಣ್ಣಂದಾಜಿನವನಾಗಿದ್ದರೆ, ಅಧ್ಯಯನ ಇಷ್ಟು ಕೆಡುತ್ತಿರಲಿಲ್ಲ.

ಆಗಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದ. ಟೈಲರಮ್ಮ ಅವನನ್ನೇ ನೋಡುತ್ತಿದ್ದಳು, ಗುಂಡಿ ಹೊಲಿದ ದಿನದಂತೆ ಅಷ್ಟೇ ಹತ್ತಿರದಿಂದ.

“ಸಹಿ ಒಂದು ಬೇಕಿತ್ತು,” ಎಂದ.

ಅವಳು ಸಹಿ ಹಾಕಿ, ಗಿರಾಕಿ ಕರೆದರೆಂದು ಒಳಗೆ ಹೋದ ಮೇಲೆ ಅವನು ಕಳ್ಳನಂತೆ ಮರಗಳ ಬುಡದಲ್ಲಿ ಬೈರಿಗೆ ಇಳಿಸಿದ. ಅದು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಹದಿನೈದು ಗುಳಿಯ ಮಣ್ಣು ಬಕೆಟ್ಟಿನಲ್ಲಿ ಕಪ್ಪಗೆ ಕೂತಿತು. ನಾಲ್ಕು ಪಾಲು ಮಾಡಿದ. ಅರ್ಧ ಎಸೆಯಲು ಮಾತ್ರ ಕೈ ಬರಲಿಲ್ಲ. ಹಾಗೇ ಹೊತ್ತು ಹೊರಟ.

ಎರಡು ದಿನ ಅವನ ಕೋಣೆಯ ನೆಲದ ತುಂಬ ಪತ್ರಿಕೆ, ಪತ್ರಿಕೆಯ ತುಂಬ ಮಣ್ಣು, ಮೇಲೆ ಫ್ಯಾನು. ಮಂಚಕ್ಕೆ ಹೋಗಲು ತುದಿಗಾಲಲ್ಲಿ ದಾಟಬೇಕಾಗಿತ್ತು. ಕೋಣೆಯಲ್ಲಿ ಒಂದು ವಾಸನೆ ತುಂಬಿತು, ಯಾರೋ ಮನೆಗೆ ಬಂದಿದ್ದಾರೇನೋ ಎಂಬಂತೆ. ಬುಧವಾರ ಪ್ರಯೋಗಶಾಲೆಯಲ್ಲಿ ಸಾವಯವ ಇಂಗಾಲ ನೋಡಿದ. ಬಡ ಮಣ್ಣಾದರೆ ಗಾಜಿನ ನಳಿಗೆಯಿಂದ ಹನಿ ಹನಿಯಾಗಿ ತುಂಬ ಹೊತ್ತು ಬಿಟ್ಟ ಮೇಲೆ ಬಣ್ಣ ತಿರುಗುತ್ತದೆ. ಇದು ಕೆಲವೇ ಹನಿಗೆ ಹಸಿರು ಬಿಟ್ಟು ಇಟ್ಟಿಗೆಗೆಂಪಾಯಿತು. ನಂಬದೆ ಇನ್ನೆರಡು ಸಲ ಮಾಡಿದ. ಹಳೆಯ ಅಂಕಿಯ ನಾಲ್ಕು ಪಟ್ಟು. ಅಂಕಿ ಬರೆದ ಚೀಟಿ ಹಿಡಿದು ಮೇಡಂ ಕೋಣೆಗೆ ಹೋದ.

ಮೇಡಂಗೆ ಮೂವತ್ತನಾಲ್ಕು ವಯಸ್ಸು, ಈ ಅಧ್ಯಯನಕ್ಕೆ ಮೂರನೆಯ ಮುಖ್ಯಸ್ಥೆ, ಕೆಟ್ಟವಳಲ್ಲ. ಪೂರ್ತಿ ಕೇಳಿಸಿಕೊಂಡಳು. ಕೋಲಿನ ವಿಷಯ ಬಂದಾಗ ಕನ್ನಡಕ ತೆಗೆದು ಹಣೆ ಒತ್ತಿಕೊಂಡಳು.

“ಅಂದ್ರೆ ಹನ್ನೊಂದು ವರ್ಷ ನಾವು ಪರೀಕ್ಷೆ ಮಾಡಿದ್ದು...”

“ಒಂದು ಮನೆಯ ನೆಲ, ಮೇಡಂ. ಒಂದು ಬಂಡಿ ದಾರಿ. ಒಂದು ಒಗೆಯೋ ಕಲ್ಲು. ಉಳಿದದ್ದು ನೋಡ್ಬೇಕು.”

“ನೀವು ನಿಯಮ ಪಾಲಿಸಿದ್ದೀರಿ. ನಿಮ್ಮ ತಪ್ಪು ಏನಿಲ್ಲ.”

“ಅದೇ ತಪ್ಪು, ಮೇಡಂ.”

“ನೋಡಿ, ಪುಸ್ತಕ ಅಚ್ಚಾಗ್ತಾ ಇದೆ. ಒಂದು ಅಡಿಟಿಪ್ಪಣಿ ಹಾಕಿಸ್ತೀನಿ, ಮಾದರಿಯ ಜಾಗದಿಂದ ವ್ಯತ್ಯಾಸ ಬಂದಿರಬಹುದು ಅಂತ. ಮುಂದೆ ಯಾರಾದ್ರೂ ಹೊಸದಾಗಿ ಮಾಡಬಹುದು.”

“ನಾಳೆ ಮರ ಕಡೀತಾರೆ.”

“ಯಾರು?”

“ಹದಿನೇಳನೇ ಜಮೀನು.”

ಮೇಡಂ ಕನ್ನಡಕ ಮತ್ತೆ ಹಾಕಿಕೊಂಡಳು. “ನಾವು ಸಲಹೆ ಅಂತ ಬರೆದಿದ್ವಿ,” ಎಂದಳು ಮೆಲ್ಲಗೆ. “ಯಾರೂ ನಮ್ಮ ಸಲಹೆ ಕೇಳೋದಿಲ್ವಲ್ಲ.”

ಅದು ನಿಜ. ಉಳಿದ ಇಪ್ಪತ್ತಮೂರು ಜನ ಆ ಹಾಳೆಯಲ್ಲಿ ಏನು ಕಟ್ಟಿದ್ದರೋ ಏನೋ. ಕೇಳಿದವಳು ಒಬ್ಬಳೇ. ಅವಳ ಫೋನ್ ನಂಬರಿಗಾಗಿ ಸಾಹೇಬ ಹನ್ನೊಂದು ವರ್ಷದ ನಮೂನೆಗಳನ್ನೆಲ್ಲ ಮಗುಚಿ ಹಾಕಿದ. ಜಮೀನಿನ ಇಳಿಜಾರು ಇತ್ತು, ಬಾವಿಯ ಆಳ ಇತ್ತು, ಫೋನ್ ನಂಬರಿಗೆ ಕಾಲಂ ಇರಲಿಲ್ಲ.

ಗುರುವಾರ ಮೊದಲ ಬಸ್ಸು ಹಿಡಿದ. ಕೋಲಿಲ್ಲ, ಬಕೆಟ್ಟಿಲ್ಲ, ಜೇಬಿನಲ್ಲಿ ಹೊಸ ಅಂಕಿಯ ಚೀಟಿ. ಬಸ್ಸು ಒಂದು ರೈಲ್ವೆ ಗೇಟಿನಲ್ಲಿ ಮುಕ್ಕಾಲು ಗಂಟೆ ನಿಂತಿತು. ಇಳಿದಾಗ ರಸ್ತೆಗೇ ಕೇಳುವಂತೆ ಗರಗಸ ಕಿರುಚುತ್ತಿತ್ತು. ಐವತ್ತೇಳರ ಮೊಣಕಾಲು ಎಷ್ಟು ಓಡಬಲ್ಲದೋ ಅಷ್ಟು ಓಡಿದ.

ನುಗ್ಗೆ ಬಿದ್ದಿತ್ತು. ಅದರಾಚೆ ಎರಡು ಸೀಬೆ, ಒಂದು ಹೊಂಗೆ. ಗರಗಸದವನು ಐದನೆಯದರ ಬುಡಕ್ಕೆ ಬಾಗಿದ್ದ.

“ನಿಲ್ಲಿಸಿ!” ಎಂದ ಸಾಹೇಬ. ಯಂತ್ರದ ಗದ್ದಲದಲ್ಲಿ ಕೇಳಿಸಲಿಲ್ಲ. ಹೋಗಿ ಭುಜ ಹಿಡಿದು ಎಳೆದ.

“ಏಯ್, ಕೈ ಹೋಗುತ್ತೆ ಯಜಮಾನ್ರೆ! ಯಾರ್ರೀ ಇವ್ರು? ಮರಕ್ಕೆ ನೆಂಟರಾ?”

ಗದ್ದಲ ನಿಂತದ್ದಕ್ಕೆ ಟೈಲರಮ್ಮ ಹೊರಗೆ ಬಂದಳು, ಕೊರಳಲ್ಲಿ ಅಳತೆಪಟ್ಟಿ. ಸಾಹೇಬ ಏದುಸಿರು ಬಿಡುತ್ತಲೇ ಹೇಳಿದ. ನಿಯಮ, ಕೋಲು, ಮನೆಯ ನೆಲ, ಸುಣ್ಣ, ಹೊಸ ಅಂಕಿ. ಮರದ ಕೆಳಗೆ ಮಣ್ಣು ಚೆನ್ನಾಗಿದೆ, ಬಹಳ ಚೆನ್ನಾಗಿದೆ, ಇಡೀ ಅಧ್ಯಯನದಲ್ಲೇ ಇಂಥದ್ದು ಕಂಡಿಲ್ಲ ಎಂದ. ಹೇಳುತ್ತಿದ್ದಂತೆ ಅವನಿಗೆ ಗೊತ್ತಾಗುತ್ತಿತ್ತು, ತನ್ನ ಮಾತು ನಂಬುತ್ತಿದ್ದ ಒಬ್ಬಳನ್ನು ತಾನೇ ಕೈಯಾರೆ ಕಳೆದುಕೊಳ್ಳುತ್ತಿದ್ದೇನೆ ಎಂದು.

ಅವಳು ಬಿದ್ದ ನುಗ್ಗೆಯನ್ನು ನೋಡಿದಳು.

“ಸೋಮವಾರ ಗೊತ್ತಿತ್ತಾ ನಿಮಗೆ?”

“ಅನುಮಾನ ಬಂದಿತ್ತು. ಪರೀಕ್ಷೆ ಮಾಡದೆ ಹೇಗೆ ಹೇಳೋದು ಅಂತ...”

“ಬಾಯಿಬಿಟ್ಟು ಹೇಳ್ಬೇಕಿತ್ತು. ಅನುಮಾನ ಇದೆ, ಎರಡು ದಿನ ತಡೀರಿ ಅಂದ್ರೆ ಸಾಕಿತ್ತು. ಈ ನಾಲ್ಕು ನಿಂತಿರ್ತಿದ್ವು.”

“ಹೌದು.”

“ಹನ್ನೊಂದು ವರ್ಷ ಬಂದ್ರಿ. ಇಲ್ಲಿ ಮೊದಲು ಏನಿತ್ತು ಅಂತ ಒಂದು ಸಲ ಕೇಳ್ಲಿಲ್ಲ.”

“ಪ್ರಶ್ನೆಪಟ್ಟಿಯಲ್ಲಿ ಇರಲಿಲ್ಲ.” ಅಂದಮೇಲೆ ನಾಲಿಗೆ ಕಚ್ಚಿಕೊಂಡ.

“ನಾನು ಅಂಗಿ ಹೊಲಿಸೋರ ಮೈ ಅಳೀತೀನಿ ಸಾಹೇಬ್ರೆ. ಅವರ ನೆರಳು ಬಿದ್ದಿರೋ ಗೋಡೆ ಅಳೆಯೋದಿಲ್ಲ.”

ಅವನು ಜೇಬಿನಿಂದ ಚೀಟಿ ತೆಗೆದು ಚಾಚಿದ. ಅವಳು ಕೈ ಮುಂದೆ ಮಾಡಲಿಲ್ಲ. “ಬೇಡ. ಹೋದ ಸಲದ್ದೂ ಕಾಗದವೇ.”

ಗರಗಸದವನು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದ. “ನನ್ನ ದಿನ ಹಾಳಾಯ್ತು. ಕಡೀಲಾ, ಬಿಡ್ಲಾ? ಒಂದು ಮಾತು ಹೇಳಿ ಅಕ್ಕ.”

ಟೈಲರಮ್ಮ ಸುತ್ತ ನೋಡಿದಳು. ಕೆಂಪು ಪಟ್ಟಿ ಇಲ್ಲದ ಅಷ್ಟೂ ಮರಗಳನ್ನು, ಒಂದೊಂದಾಗಿ.

“ಬಿಡು,” ಎಂದಳು. “ಇವ್ರು ಹೇಳಿದ್ರು ಅಂತ ಅಲ್ಲ. ಇನ್ನು ಯಾರು ಹೇಳಿದ್ರು ಅಂತಾನೂ ಕಡಿಸೋದಿಲ್ಲ.”

ಗರಗಸದವನು ಗೊಣಗುತ್ತ ಹೋದ. ಅವಳು ಒಳಗೆ ತಿರುಗಿದಳು. ಸಾಹೇಬ ಗಂಟಲು ಸರಿಮಾಡಿಕೊಂಡ.

“ಆ ಹಳೇ ಮನೇಲಿ ಅಡುಗೆಕೋಣೆ ಯಾವ ಕಡೆ ಇತ್ತು?”

ಅವಳು ಹೊಸ್ತಿಲಲ್ಲಿ ನಿಂತಳು, ತಿರುಗದೆ. “ಅಧ್ಯಯನ ಮುಗೀತು ಅಂದ್ರಲ್ಲ.”

“ಹೌದು. ಮುಗೀತು.”

“ಮತ್ಯಾಕೆ?”

ಅವನ ಬಳಿ ಉತ್ತರ ಇತ್ತು. ನಾಲಿಗೆಯ ತುದಿಯಲ್ಲೇ ಇತ್ತು, ಆರನೆಯ ವರ್ಷದಿಂದ. ಅದಕ್ಕೆ ಕಾಲಂ ಇರಲಿಲ್ಲ. ಅವಳು ಎಷ್ಟು ಕಾಯಬೇಕೋ ಅಷ್ಟು ಕಾದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹೊಲಿಗೆ ಯಂತ್ರದ ಸದ್ದು ಶುರುವಾಯಿತು.

ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಬಿದ್ದ ಮರಗಳ ರೆಂಬೆಗಳು ದಾರಿ ಮುಚ್ಚಿದ್ದವು. ಬೇಲಿಗೆ ಸಿಕ್ಕಿಸಿದ್ದ ಕತ್ತಿ ತೆಗೆದುಕೊಂಡು ಅವನು ಅವನ್ನು ಗೇಣುದ್ದ ತುಂಡು ಮಾಡತೊಡಗಿದ. ಯಾರೂ ಹೇಳಿರಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ. ತುಂಡುಗಳನ್ನು, ಎಲೆಗಳನ್ನು ತಬ್ಬಿ ತಬ್ಬಿ ಒಯ್ದು ಹಳೆಯ ಮನೆಯ ನೆಲದ ಮೇಲೆ ಮಂದವಾಗಿ ಹರಡಿದ. ಮೊದಲು ಒಂದು ಮೂಲೆ, ಅಡುಗೆಕೋಣೆ ಇದ್ದಿರಬಹುದಾದ್ದು. ಆಮೇಲೆ ನಡುಮನೆ ಇದ್ದಿರಬಹುದಾದ್ದು. ಇದು ಕೊಳೆತು, ಹುಳು ಬಂದು, ಬೇರು ಇಳಿದು, ಆ ದಮ್ಮಸಿನ ಮೇಲೆ ಒಂದು ಗಿಡ ಹಿಡಿಯುವಷ್ಟು ಮಣ್ಣಾಗಲು ಎಷ್ಟು ವರ್ಷ ಬೇಕೆಂದು ಅವನಷ್ಟು ಕರಾರುವಾಕ್ಕಾಗಿ ಹೇಳಬಲ್ಲವರು ಆ ಸೀಮೆಯಲ್ಲಿ ಇರಲಿಲ್ಲ. ಲೆಕ್ಕ ಹಾಕಿದ, ಅದಕ್ಕೆ ತನ್ನ ವಯಸ್ಸನ್ನು ಕೂಡಿದ, ಕೂಡಿದ್ದನ್ನು ಅಲ್ಲಿಗೇ ಬಿಟ್ಟ.

ಒಮ್ಮೆ ಯಂತ್ರದ ಸದ್ದು ನಿಂತಿತು. ಅವನು ಸೊಂಟ ನೆಟ್ಟಗೆ ಮಾಡಿ, ಅಂಗಿಯ ಮೇಲಿನ ಎಲೆ ಕೊಡವಿಕೊಂಡು, ಹಿಂಬಾಗಿಲ ಕಡೆ ನೋಡುತ್ತ ನಿಂತ.

ದಾರ ಬದಲಿಸಲು ಇರಬೇಕು. ಸದ್ದು ಮತ್ತೆ ಶುರುವಾಯಿತು. ಅವನು ಬಗ್ಗಿ ಇನ್ನೊಂದು ತೆಕ್ಕೆ ಎತ್ತಿಕೊಂಡ.